ಎರಡು ಅಂಕದ ಮನೆಯ ಹೆಪ್ಪು

ಬಿಯರ್ ಮಾಡುವುದನ್ನು ಕಲಿಸುವ ಗುರುವೊಬ್ಬರಿದ್ದರು ಎಂದರೆ ಕೇಳಿದವರು ಮೊದಲು ನಗುತ್ತಾರೆ. ನಗಲಿ. ಅವರ ಹತ್ತಿರ ಒಂದು ವರ್ಷ ಪಾತ್ರೆ ಬೆಳಗಿದವರು ನಗುವುದಿಲ್ಲ.

ಅವರ ಹೆಸರು ಹುಚ್ಚೀರಯ್ಯ. ಮೂವತ್ತು ವರ್ಷ ಸರಕು ಹಡಗುಗಳಲ್ಲಿ ಅಡುಗೆ ಮಾಡಿದವರು. ಹಡಗು ನಿಂತ ಊರಲ್ಲೆಲ್ಲ ಇಳಿದು, ಅಲ್ಲಿಯವರು ಕುಡಿಯುವ ಬಿಯರ್ ಕುಡಿದು, ಅದನ್ನು ಮಾಡುವ ಬಗೆಯನ್ನೂ ಕೇಳಿ ತಿಳಿದುಕೊಂಡು ಬಂದವರು. ವಯಸ್ಸಾದ ಮೇಲೆ ನದಿಯ ಆಚೆ ದಡದಲ್ಲಿ ಹೆಂಚಿನ ಮನೆಯೊಂದನ್ನು ಕಟ್ಟಿಕೊಂಡರು. ಹರಿಗೋಲಿನಲ್ಲಿ ಹೊಳೆ ದಾಟಿಯೇ ಅಲ್ಲಿಗೆ ಹೋಗಬೇಕು. ಜನ ತಮಾಷೆಗೆ ಅದನ್ನು ಆಶ್ರಮ ಎಂದರು. ಹೆಸರು ಹಾಗೇ ನಿಂತಿತು.

ಒಂದು ಬೆಳಿಗ್ಗೆ ದೇಚಮ್ಮ ಎಂಬ ಕೊಡಗಿನ ಹೆಣ್ಣುಮಗಳು ಹೊಳೆ ದಾಟಿ ಬಂದಳು. ದೊಡ್ಡ ಹೋಟೆಲುಗಳಿಗೆ ಬಿಯರ್ ಆರಿಸಿಕೊಡುವ ಕೆಲಸದಲ್ಲಿ ದೇಶದೇಶ ಸುತ್ತಿದವಳು. ಕೈಯಲ್ಲಿ ದಪ್ಪ ನೋಟ್‌ಬುಕ್ಕು. ನೆಲಕ್ಕೆ ಕಾಲು ಊರುವ ಮೊದಲೇ ಮಾತು ಶುರುವಾಯಿತು.

"ಗುರುಗಳೇ, ನೂರ ನಲವತ್ತು ಬಿಯರ್ ಕುಡಿದಿದ್ದೀನಿ. ಇಪ್ಪತ್ತೆರಡು ದೇಶದ್ದು. ಒಂದೊಂದಕ್ಕೂ ಹತ್ತಕ್ಕೆ ಎಷ್ಟು ಅಂತ ಅಂಕ ಬರೆದಿಟ್ಟಿದ್ದೀನಿ."

"ಸರಿ."

"ಯಾವುದಕ್ಕೂ ಹತ್ತು ಬಂದಿಲ್ಲ. ಜಗತ್ತಿನಲ್ಲಿ ಒಂದನೇ ಬಿಯರ್ ಯಾವುದು? ನೀವೇ ಹೇಳಬೇಕು."

"ಹೇಳ್ತೀನಿ."

ದೇಚಮ್ಮ ಪೆನ್ನಿನ ಮುಚ್ಚಳ ತೆಗೆದಳು.

"ಈಗಲ್ಲ ಮಗಳೇ. ಮೊದ್ಲು ಆ ಕೊಳಗ ಬೆಳಗು."

ಬೆಳಗಿದಳು. ಗುರುಗಳು ಕೊಳಗದೊಳಗೆ ತಲೆ ಹಾಕಿ ಮೂಸಿದರು.

"ನಿನ್ನೆ ವಾಸನೆ ಇದೆ. ಇನ್ನೊಂದ್ಸಲ."

ಹೀಗೆ ತಿಂಗಳುಗಳು ಹೋದವು. ಈ ಕೆಲಸದಲ್ಲಿ ಮುಕ್ಕಾಲು ಪಾಲು ತೊಳೆಯುವುದು, ಕಾಲು ಪಾಲು ಕಾಯುವುದು, ಕುಡಿಯುವುದು ಕೆಲಸಕ್ಕೆ ಸೇರುವುದಿಲ್ಲ ಎಂದು ಗುರುಗಳು ಹೇಳುತ್ತಿದ್ದರು. ಹಾಗೆಂದು ಕುಡಿಸದೇ ಬಿಡುತ್ತಿರಲಿಲ್ಲ. ದಿನಾ ಹತ್ತು ಗಂಟೆಗೆ, ನಾಲಿಗೆ ಚುರುಕಾಗಿರುವ ಹೊತ್ತಿನಲ್ಲಿ, ಎರಡು ಗಾಜಿನ ಲೋಟ ಮುಂದಿಡುತ್ತಿದ್ದರು. ಒಂದೊಂದರಲ್ಲೂ ಮೂರೇ ಗುಟುಕು.

ಆ ಹತ್ತು ಗಂಟೆಗಾಗಿ ದೇಚಮ್ಮ ಬೆಳಗಿನಿಂದ ಕಾಯುತ್ತಿದ್ದಳು. ಒಂದು ದಿನ ಬೊಹೀಮಿಯಾ ಕಡೆಯ ಹೊನ್ನಿನ ಬಣ್ಣದ್ದು, ಪಕ್ಕದಲ್ಲಿ ಇಂಗ್ಲೆಂಡಿನ ತಾಮ್ರದ ಬಣ್ಣದ್ದು. ಮೊದಲನೆಯದರ ಕಹಿ ಚುಟುಕಾಗಿ ಬಂದು ಹೋಯಿತು. ಎರಡನೆಯದರದ್ದು ಮಾತು ಮುಗಿದರೂ ಏಳದ ನೆಂಟರ ಹಾಗೆ ಕೂತೇ ಇತ್ತು. ಇನ್ನೊಂದು ದಿನ ಐರ್ಲೆಂಡಿನ ಕಪ್ಪು ಬಿಯರ್, ಹುರಿದ ಕಾಫಿ ಬೀಜದ ವಾಸನೆಯದು. ಮತ್ತೊಂದು ದಿನ ಬವೇರಿಯಾದ ಗೋಧಿ ಬಿಯರ್. ಅದರಲ್ಲಿ ಬಾಳೆಹಣ್ಣೂ ಇಲ್ಲ, ಲವಂಗವೂ ಇಲ್ಲ, ಆದರೂ ಎರಡೂ ಮೂಗಿಗೆ ಬರುತ್ತವೆ.

ಜರ್ಮನಿಯ ಹೊಗೆ ಬಿಯರ್ ಮೂಸಿದ ದಿನ ಅವಳು ಕೂತಲ್ಲಿಂದ ಎದ್ದೇಬಿಟ್ಟಳು.

"ಗುರುಗಳೇ, ಇದು ನಮ್ಮನೆ ಒಲೆ ಮೇಲೆ ನೇತು ಹಾಕಿದ ಹಂದಿ ಮಾಂಸದ ವಾಸನೆ. ಅದೇ, ಅದೇ."

"ಅಲ್ಲಿಯವರು ಮೊಳಕೆ ಕಾಳನ್ನ ಕಟ್ಟಿಗೆ ಹೊಗೇಲಿ ಒಣಗಿಸ್ತಾರೆ. ಕುಡಿ."

"ಎಂಟೂವರೆ ಕೊಡ್ತೀನಿ."

"ಕೊಡು. ಇದನ್ನ ಯಾರ ಜೊತೆ ಕೂತು ಕುಡೀಬೇಕು ಅನ್ನಿಸ್ತು?"

ಅವಳ ನೋಟ್‌ಬುಕ್ಕಿನಲ್ಲಿ ಅದಕ್ಕೊಂದು ಕಲಮ್ಮು ಇರಲಿಲ್ಲ. ಲೋಟ ತೊಳೆಯಲು ಹೋದಳು.

ಆಶ್ರಮದಲ್ಲಿ ಒಂದೇ ಒಂದು ಗುಟ್ಟು ಇತ್ತು. ಕಾಳು ನೆನೆಸುವುದು, ಮೊಳಕೆ ಬರಿಸುವುದು, ಬೇಯಿಸಿ ಕಾಳಿನ ಸಿಹಿನೀರು ಸೋಸುವುದು, ಕಹಿಗೆ ಹಾಪ್ ಹೂವು ಹಾಕುವುದು, ಎಲ್ಲವನ್ನೂ ಗುರುಗಳು ಎದುರಿಗೇ ಮಾಡಿ ತೋರಿಸುತ್ತಿದ್ದರು. ಕೊನೆಗೆ ಹೆಪ್ಪು ಹಾಕುವಾಗ ಮಾತ್ರ ಬಾಗಿಲು ಹಾಕಿಕೊಳ್ಳುತ್ತಿದ್ದರು. ಯೀಸ್ಟಿಗೆ ಅವರು ಹೆಪ್ಪು ಎಂದೇ ಹೇಳುತ್ತಿದ್ದುದು. ಹೊರಗೆ ನಿಂತವರಿಗೆ ಒಳಗಿನಿಂದ ಒಂದು ದೊಡ್ಡ ಕೂಗು ಕೇಳುತ್ತಿತ್ತು, ಅಷ್ಟೇ. ಆಮೇಲೆ ಬಾಗಿಲು ತೆಗೆದು ಏನೂ ಆಗದವರಂತೆ ಬರುತ್ತಿದ್ದರು.

ಸಂಕ್ರಾಂತಿ ಕಳೆದ ಮೊದಲ ಭಾನುವಾರ ಆಶ್ರಮದಲ್ಲಿ 'ಸುತ್ತು' ನಡೆಯುತ್ತಿತ್ತು. ಗುರುಗಳ ಹತ್ತಿರ ಕಲಿತು ಹೋದ ಹದಿನೇಳು ಮನೆಯವರು ತಂತಮ್ಮ ಬಿಯರ್ ಹೊತ್ತು ಬಂದು ವೃತ್ತವಾಗಿ ಕೂರುತ್ತಿದ್ದರು. ಬೇರೆ ದೇಶಕ್ಕೆ ಹೋದವರು ಅಲ್ಲಿಯದನ್ನೂ ತರುತ್ತಿದ್ದರು. ನಿಯಮ ಒಂದೇ. ತನ್ನ ಕೈಯ ಬಿಯರ್ ತಂದವರಿಗೆ ಸುತ್ತಿನಲ್ಲಿ ಜಾಗ. ತರದವರು ನಿಂತು ಲೋಟ ತೊಳೆಯಬಹುದು, ಉಳಿದದ್ದನ್ನು ಗುಟುಕರಿಸಬಹುದು. ಗುರುಗಳಿಗೂ ಇದೇ ನಿಯಮ.

ಮೊದಲ ವರ್ಷ ದೇಚಮ್ಮ ನಿಂತು ಲೋಟ ತೊಳೆದಳು. ಯಾರೋ ಒಬ್ಬರು, "ಅಂಕ ಬರ್ಕೊಂಡಿದ್ದೀಯಂತಲ್ಲ, ಓದಮ್ಮ ನೋಡೋಣ" ಎಂದರು. ಕೇಳುವುದೇ ತಡ, ಓದಿದಳು. ಒಂದು ಮನೆಗೆ ಒಂಬತ್ತು. ಒಂದು ಮನೆಗೆ ಎಂಟು. ಹೀಗೆ ಇಳಿಯುತ್ತ ಇಳಿಯುತ್ತ ಕೊನೆಗೆ ಪುಟ್ಟಮಾದಯ್ಯನ ಸರದಿ. ಅವನು ಒಣ ಸೀಮೆಯ ರಾಗಿ ಬೆಳೆಗಾರ, ರಾಗಿ ಮೊಳಕೆಯಿಂದಲೇ ಬಿಯರ್ ಮಾಡುವವನು.

"ಬಿಸಿಲಿಗೆ ಕೂತ ಗಂಜಿ. ಎರಡು ಅಂಕ."

ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಪುಟ್ಟಮಾದಯ್ಯ ತನ್ನ ಲೋಟದಿಂದ ಇನ್ನೊಂದು ಗುಟುಕು ಕುಡಿದು ನೋಡಿ, ಬಾಯಿ ಒರೆಸಿಕೊಂಡ. ಗುರುಗಳು ನಗಲಿಲ್ಲ. ಆ ರಾತ್ರಿ ದೇಚಮ್ಮನಿಗೆ ತನ್ನ ನಾಲಿಗೆಯ ಬಗ್ಗೆ ಹೆಮ್ಮೆಯೂ ಆಯಿತು, ಸ್ವಲ್ಪ ನಾಚಿಕೆಯೂ ಆಯಿತು. ಹೆಮ್ಮೆ ಹೆಚ್ಚಿತ್ತು.

ಮರುವರ್ಷ ಸುತ್ತಿಗೆ ಎಂಟು ದಿನ ಇದೆ ಎನ್ನುವಾಗ ಗುರುಗಳು ಅವಳನ್ನು ಕರೆದರು.

"ಈ ಸಲ ಆಶ್ರಮದ ಬಿಯರು ನಿನ್ನ ಕೈಯದು. ಸುತ್ತಿನಲ್ಲಿ ನನ್ನ ಪಕ್ಕ ಕೂತ್ಕೋ."

ದೇಚಮ್ಮ ಕೈಯಲ್ಲಿದ್ದ ಲೋಟ ಕೆಳಗಿಟ್ಟಳು.

"ಹೆಪ್ಪು ಹಾಕೋದನ್ನೂ ತೋರಿಸ್ತೀನಿ. ಒಂದನೇದು ಯಾವುದು ಅಂತ ಕೇಳಿದ್ದೆಯಲ್ಲ, ಅದನ್ನೂ ಆವತ್ತೇ ಹೇಳ್ತೀನಿ."

ಖುಷಿ ಬಂದವರು ಕುಣಿಯುತ್ತಾರೆ, ಹಾಡುತ್ತಾರೆ. ದೇಚಮ್ಮ ತೊಳೆದಳು. ಗುರುಗಳು ಬಾರ್ಲಿ ತರಲು ಪೇಟೆಗೆ ಹೋದ ಸೋಮವಾರ, ಕೊಳಗ, ಪೀಪಾಯಿ, ಕೊಳವೆ, ಕಿಟಕಿ, ಕಿಟಕಿಯ ಸರಳು, ಒಂದನ್ನೂ ಬಿಡಲಿಲ್ಲ. ಕೊನೆಗೆ ತಲೆ ಎತ್ತಿದರೆ ತೊಲೆಗೆ ಒಂದು ಬಳೆ ನೇತಾಡುತ್ತಿತ್ತು. ಸಣ್ಣ ಸಣ್ಣ ಮರದ ತುಂಡು ಕೋದು ಮಾಡಿದ ದೊಡ್ಡ ಬಳೆ. ಮೈಯೆಲ್ಲ ಒಣಗಿದ ಕೆಸರು ಮೆತ್ತಿದಂತೆ ಕಂದು ಹಕ್ಕಳೆ. ಹಡಗಿನ ಕಾಲದ ಯಾವುದೋ ಹಳೆ ಅಲಂಕಾರ ಇರಬೇಕು ಎಂದುಕೊಂಡಳು. ಇಷ್ಟು ಗಲೀಜಾಗಿ ಅತಿಥಿಗಳ ಕಣ್ಣಿಗೆ ಬೀಳಬಾರದು ಎನ್ನಿಸಿತು.

ಸೋಡಾ ಹಾಕಿದ ನೀರಿನಲ್ಲಿ ಅದನ್ನು ಕುದಿಸಿದಳು. ತೆಂಗಿನ ನಾರಿನಲ್ಲಿ ತುಂಡು ತುಂಡನ್ನೂ ಉಜ್ಜಿದಳು. ಬೆಣ್ಣೆಯ ಬಣ್ಣ ಬಂದ ಮೇಲೆ ಮತ್ತೆ ತೊಲೆಗೆ ಹಾಕಿ, ಸೊಂಟದ ಮೇಲೆ ಕೈಯಿಟ್ಟು ನೋಡಿದಳು. ಚೆನ್ನಾಗಿತ್ತು.

ಸಂಜೆ ಗುರುಗಳು ಒಳಗೆ ಬಂದು ತೊಲೆ ನೋಡಿದರು. ಬಳೆ ಇಳಿಸಿಕೊಂಡು ಮೂಸಿದರು. ಬಹಳ ಹೊತ್ತು ಮೂಸಿದರು.

"ಚೆನ್ನಾಗಿ ಬೆಳಗಿದ್ದೀಯ. ನಿನ್ನೆ ವಾಸನೆ ಒಂಚೂರೂ ಇಲ್ಲ."

"ಹೌದಾ ಗುರುಗಳೇ?"

"ಹೆಪ್ಪು ಇದರಲ್ಲೇ ಇತ್ತು ಮಗಳೇ."

ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ಅಲ್ಲೇ ನೆಲದ ಮೇಲೆ ಕೂತಳು.

ನಾರ್ವೆ ದೇಶದ ಒಂದು ಕೊಲ್ಲಿಯ ಪಕ್ಕ ಗುರುಗಳ ಹಡಗು ಕೆಟ್ಟು ನಿಂತಿತ್ತಂತೆ. ಅಲ್ಲೊಬ್ಬ ರೈತ ಮನೆಯಲ್ಲಿ ಬಿಯರ್ ಮಾಡುತ್ತಿದ್ದ. ಹುಳಿಯುತ್ತಿರುವ ಬಿಯರಿನಲ್ಲಿ ಮರದ ಬಳೆ ಅದ್ದಿ ನೇತು ಹಾಕಿದರೆ ಹೆಪ್ಪು ಅದರ ಮೈಗೆ ಒಣಗಿ ನಿದ್ದೆ ಹೋಗುತ್ತದೆ. ಮುಂದಿನ ಸಲ ಬೆಚ್ಚಗಿನ ಸಿಹಿನೀರಿಗೆ ಬಿಟ್ಟರೆ ಏಳುತ್ತದೆ. ಅವನ ಅಜ್ಜನ ಅಜ್ಜನ ಕಾಲದಿಂದ ಬಂದ ಹೆಪ್ಪು. ಅಡುಗೆಯವನೆಂದು ಗೊತ್ತಾಗಿ ಒಂದು ಬಳೆಯನ್ನು ಹುಚ್ಚೀರಯ್ಯನವರಿಗೆ ಕೊಟ್ಟ. ಮೂವತ್ತು ವರ್ಷ ಅದು ಬದುಕಿತ್ತು.

"ನಾನು ಕೊಂದುಬಿಟ್ಟೆ" ಎಂದಳು ದೇಚಮ್ಮ. ಕಣ್ಣಲ್ಲಿ ನೀರು ಬಂತು.

"ನೀನೊಬ್ಬಳೇ ಅಲ್ಲ. ಬಾಗಿಲು ಹಾಕ್ಕೊಳ್ತಿದ್ದೋನು ನಾನು."

"ಯಾಕೆ ಹಾಕ್ಕೊಳ್ತಿದ್ರಿ?"

"ಹೆಪ್ಪು ಬಿಡೋವಾಗ ಪೀಪಾಯಿ ಒಳಕ್ಕೆ ಜೋರಾಗಿ ಕೂಗಬೇಕು ಅಂತ ಆ ರೈತನ ಮನೇಲಿ ಪದ್ಧತಿ. ಕೂಗಿದಷ್ಟು ಬಿಯರ್ ಗಟ್ಟಿ ಅಂತೆ. ನೀವೆಲ್ಲ ನೋಡ್ತಾ ಇದ್ರೆ ನಂಗೆ ನಾಚಿಕೆ."

ಅಳುತ್ತಿದ್ದವಳಿಗೆ ನಗು ಬಂತು. ನಕ್ಕದ್ದಕ್ಕೆ ಮತ್ತೆ ಅಳು ಬಂತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅಂತಾರಲ್ಲ, ಹಾಗಾಗಿತ್ತು ಗುರು ಶಿಷ್ಯರಿಬ್ಬರ ಪಾಡು.

"ಈ ವರ್ಷ ಸುತ್ತಿನಲ್ಲಿ ನನಗೂ ಜಾಗ ಇಲ್ಲ, ನಿಮಗೂ ಇಲ್ಲ" ಎಂದಳು.

"ನಿಮ್ಮನೇಲಿ ಮೊಸರಿನ ಹೆಪ್ಪು ಮುಗಿದುಹೋದ್ರೆ ಏನ್ ಮಾಡ್ತಾರೆ?"

"ಪಕ್ಕದ ಮನೆಯಿಂದ ತರ್ತಾರೆ."

"ನಾನು ಹದಿನೇಳು ಮನೆಗೆ ಕೊಟ್ಟಿದ್ದೀನಿ. ಗುರುವಾರ ಮಧ್ಯಾಹ್ನದೊಳಗೆ ತಂದ್ರೆ ಭಾನುವಾರಕ್ಕೆ ಬಿಯರ್ ಆಗುತ್ತೆ. ಈ ಹೆಪ್ಪಿಗೆ ಮೂರು ದಿನ ಸಾಕು."

"ಯಾರ ಮನೆಗೆ ಹೋಗಲಿ?"

"ನಿನ್ನ ಹತ್ರಾನೇ ಪಟ್ಟಿ ಇದೆಯಲ್ಲ" ಎಂದರು ಗುರುಗಳು.

ದೇಚಮ್ಮ ನೋಟ್‌ಬುಕ್ಕು ತೆರೆದಳು. ಅಂಕದ ಪ್ರಕಾರ ಹೋಗುವುದೇ ಸರಿ ಎನ್ನಿಸಿತು. ಒಂದು ಸ್ಟೀಲ್ ಡಬ್ಬಿಗೆ ಒಳಗಡೆ ಬಿಳಿ ಬಟ್ಟೆ ಹಾಸಿಕೊಂಡು ಮಂಗಳವಾರ ಬೆಳಿಗ್ಗೆ ಹೊಳೆ ದಾಟಿದಳು.

ಒಂಬತ್ತು ಅಂಕದ ಮನೆ ಮನೆಯಾಗಿರಲಿಲ್ಲ, ಕಾರ್ಖಾನೆಯಾಗಿತ್ತು. ಆಳೆತ್ತರದ ಉಕ್ಕಿನ ಪೀಪಾಯಿಗಳು, ಗೋಡೆ ತುಂಬ ಪದಕಗಳು. ಯಜಮಾನರು ತಾವೇ ಬಂದು ಕುರ್ಚಿ ಹಾಕಿಸಿದರು.

"ಗುರುಗಳ ಹೆಪ್ಪಾ? ಅದು ಒಂದೊಂದು ಸಲ ಒಂದೊಂದು ಥರ ಬರೋದು ಕಣಮ್ಮ. ನಮಗೆ ಪ್ರತಿ ಬಾಟಲಿನೂ ಒಂದೇ ಥರ ಇರಬೇಕು. ಎರಡು ವರ್ಷದ ಹಿಂದೇನೇ ಎಸೆದ್ವಿ."

"ಎಸೆದ್ರಾ?"

"ಪೊಟ್ಟಣದಲ್ಲಿ ಬರುತ್ತೆ, ಬೇಕಾದ್ರೆ ಒಂದು ತಗೊಂಡು ಹೋಗು."

ಪೊಟ್ಟಣ ಬೇಡವೆಂದು ದೇಚಮ್ಮ ಕೈಮುಗಿದು ಎದ್ದಳು. ಅವರು ಕೆಟ್ಟವರೇನಲ್ಲ, ಬಸ್ ನಿಲ್ದಾಣದವರೆಗೆ ಕಾರಿನಲ್ಲಿ ಬಿಡಿಸಿದರು.

ಎಂಟು ಅಂಕದ ಮನೆಯವರು ಅವಳನ್ನು ನೇರ ದೇವರ ಕೋಣೆಗೆ ಕರೆದುಕೊಂಡು ಹೋದರು. ಅಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಹೆಪ್ಪಿನ ಚಕ್ಕೆಗಳಿದ್ದವು, ಅರಿಶಿನ ಕುಂಕುಮ ಹಚ್ಚಿಸಿಕೊಂಡು. ಕೆಳಗೆ ನಂದಾದೀಪ.

"ಗುರುಗಳ ಪ್ರಸಾದ. ಏಳು ವರ್ಷದಿಂದ ಪೂಜೆ ತಪ್ಪಿಸಿಲ್ಲ."

"ಬಿಯರಿಗೆ ಯಾವುದು ಹಾಕ್ತೀರಿ?"

"ಬೇರೆ ಏನೋ ಹಾಕ್ತೀವಿ. ಇದನ್ನ ಮುಟ್ಟಿ ಮೈಲಿಗೆ ಮಾಡೋದುಂಟಾ?"

ಒಂದೇ ಒಂದು ಚಕ್ಕೆ ಬೇಡಿಕೊಂಡಳು. ಉಗುರುಬೆಚ್ಚಗಿನ ಬೆಲ್ಲದ ನೀರಿನಲ್ಲಿ ಬಿಟ್ಟು ಬುಧವಾರ ಮಧ್ಯಾಹ್ನದವರೆಗೆ ಕಾದಳು. ಒಂದು ಗುಳ್ಳೆಯೂ ಏಳಲಿಲ್ಲ. ಏಳು ವರ್ಷ ದೀಪದ ಕಾವು ತಾಗಿಸಿಕೊಂಡ ಹೆಪ್ಪು ಇನ್ನೆಲ್ಲಿಂದ ಎದ್ದೀತು.

ಏಳು ಅಂಕದವರಿಗೂ ಆರು ಅಂಕದವರಿಗೂ ಫೋನ್ ಮಾಡಿದಳು. ಇಬ್ಬರೂ ಒಂದೇ ಮಾತು ಹೇಳಿದರು. "ನಮ್ಮದು ಹೋದ ಬೇಸಿಗೇಲಿ ಸತ್ತುಹೋಯ್ತು. ಪುಟ್ಟಮಾದಯ್ಯನ ಹತ್ರ ತಂದ್ವಿ. ಅದೂ ಕೆಟ್ಟಿತು. ನೀವೂ ಅವನ ಹತ್ರಾನೇ ಹೋಗಿ. ಅವನ ಹತ್ರ ಯಾವಾಗ್ಲೂ ಇರುತ್ತೆ."

ದೇಚಮ್ಮ ಬಸ್ಸಿನ ಕಿಟಕಿಗೆ ಹಣೆ ಒತ್ತಿ ಕೂತಳು. ಎಲ್ಲರ ಎದುರು ಗಂಜಿ ಎಂದು ಓದಿದ್ದು ನೆನಪಾಗಿ ಕಿವಿ ಬಿಸಿಯಾಯಿತು. ಹೊರಗೆ ಹೊತ್ತು ಇಳಿಯುತ್ತಿತ್ತು. ಇನ್ನೊಂದು ಚಿಂತೆಯೂ ಇತ್ತು. ದೀಪ ಹಚ್ಚಿದ ಮೇಲೆ ಮನೆಯಿಂದ ಹೆಪ್ಪು ಹೊರಗೆ ಕೊಡುವುದಿಲ್ಲ. ಇದನ್ನು ಯಾರೂ ಯಾರಿಗೂ ಹೇಳಿಕೊಡಬೇಕಾಗಿಲ್ಲ, ಎಲ್ಲರ ಮನೆಯಲ್ಲೂ ಇರುವ ಮಾತು. ನಾಳೆ ಬಾ ಎಂದರೆ ಗುರುವಾರ ಮಧ್ಯಾಹ್ನ ತಪ್ಪಿಹೋಗುತ್ತದೆ.

ಅವಳು ಮನೆ ಮುಟ್ಟಿದಾಗ ಹೊತ್ತು ಮುಳುಗಿತ್ತು. ಪುಟ್ಟಮಾದಯ್ಯ ಜಗಲಿಯಲ್ಲಿ ಕೂತಿದ್ದ. ಹೆಂಡತಿ ಚಿಕ್ಕತಾಯಮ್ಮ ಹೊಸ್ತಿಲ ಪಕ್ಕ ಬತ್ತಿ ಹೊಸೆಯುತ್ತಿದ್ದಳು.

"ಬಾ ಕಣವ್ವ, ಕೂತ್ಕ" ಎಂದ ಪುಟ್ಟಮಾದಯ್ಯ. "ದೂರದಿಂದ ಬಂದಿದ್ದೀಯೆ. ಮೊದ್ಲು ಒಸಿ ಕುಡಿ."

ಕುಡಿಕೆಯಲ್ಲಿ ರಾಗಿ ಬಿಯರ್ ಬಂತು. ಬೇಡ ಎನ್ನುವ ಮುಖ ಅವಳಿಗಿರಲಿಲ್ಲ. ಒಂದು ಗುಟುಕು ಕುಡಿದಳು. ಹುಳಿ ಇತ್ತು, ಹೋದ ವರ್ಷದಷ್ಟೇ ಇತ್ತು. ಗಂಜಿಯ ಮಂದವೂ ಇತ್ತು. ಆದರೆ ಈ ಸಲ ನಾಲಿಗೆ ಅಂಕ ಹುಡುಕುತ್ತಿರಲಿಲ್ಲ, ಬೇರೊಂದನ್ನು ಹುಡುಕುತ್ತಿತ್ತು. ಹುಳಿಯ ಕೆಳಗೆ, ಮಂದದ ಕೆಳಗೆ, ಅದು ಸಿಕ್ಕಿತು. ಕಿತ್ತಳೆ ಸಿಪ್ಪೆ ಸುಲಿಯುವಾಗ ಬರುವ ವಾಸನೆ. ಆಶ್ರಮದ ಬಿಯರಿನಲ್ಲಿ ದಿನಾ ಮೂಗಿಗೆ ಬರುತ್ತಿದ್ದ ಅದೇ ಕಿತ್ತಳೆ.

"ಇದೆ" ಎಂದಳು. ಇನ್ನೊಂದು ಗುಟುಕು ಕುಡಿದಳು. "ಇದರಲ್ಲಿ ಇದೆ. ಬದುಕಿದೆ."

"ಏನವ್ವ?"

ಹೇಳಲು ಹೋದಳು, ಮಡಿಲಲ್ಲಿದ್ದ ನೋಟ್‌ಬುಕ್ಕಿನ ಮೇಲೆ ಕಣ್ಣು ಬಿತ್ತು. ಎರಡು ಅಂಕ ಕೊಟ್ಟವಳು ಯಾವ ಬಾಯಲ್ಲಿ ಕೇಳುವುದು.

ಪುಟ್ಟಮಾದಯ್ಯ ಅವಳ ನೋಟ್‌ಬುಕ್ಕು ನೋಡಿದ. "ಅದ್ರಲ್ಲಿ ನನ್ ಬಿಯರ್ ಬಗ್ಗೆ ಬರ್ದಿದ್ದೆಯಲ್ಲ, ಇನ್ನೊಂದ್ಸಲ ಓದು."

ಓದಿದಳು. "ಬಿಸಿಲಿಗೆ ಕೂತ ಗಂಜಿ. ಎರಡು."

"ಸರಿಯಾಗೇ ಬರ್ದಿದ್ದೀಯ. ಆವತ್ತು ಬಸ್ಸಿನ ಟಾಪ್ ಮೇಲೆ ಹಾಕ್ಕಂಡು ಬಂದಿದ್ದೆ. ಬಿಸ್ಲು ಹೊಡ್ದು ಕೆಟ್ಟಿತ್ತು. ನಾನಾಗಿದ್ರೆ ಒಂದೇ ಕೊಡ್ತಿದ್ದೆ."

ಹೊಸ್ತಿಲ ಪಕ್ಕ ಕೂತಿದ್ದ ಚಿಕ್ಕತಾಯಮ್ಮನಿಗೆ ತಡೆಯದಾಯಿತು.

"ಬಿರ್ನೆ ಕೇಳವ್ವ ನೀನು. ಬತ್ತಿ ಹೊಸ್ದು ಎಷ್ಟೊತ್ತಾಯ್ತು. ನೀನು ಕೇಳ್ಲಿ ಅಂತ ದೀಪ ಹಚ್ದೆ ಕೂತಿವ್ನಿ."

"ನಾನು ಕೇಳೋಕೆ ಬಂದೆ ಅಂತ ನಿಮಗೆ ಹೇಗೆ ಗೊತ್ತಾಯ್ತು?"

"ಸಂಜೆ ಹೊತ್ನಲ್ಲಿ ಖಾಲಿ ಡಬ್ಬಿ ಹಿಡ್ಕಂಡು ಬಂದೋರು ಇನ್ನೇನ್ ಕೇಳಾರು."

ದೇಚಮ್ಮ ಕೇಳಿದಳು. ಬೆಳಗಿದ್ದನ್ನೂ ಹೇಳಿದಳು, ಸೋಡಾ ಹಾಕಿದ್ದನ್ನೂ ಬಿಡಲಿಲ್ಲ. ಪುಟ್ಟಮಾದಯ್ಯ ಅಟ್ಟಕ್ಕೆ ಕೈ ಹಾಕಿ ಎರಡು ಸಿಂಬೆ ತೆಗೆದ. ತಲೆಯ ಮೇಲೆ ಬಿಂದಿಗೆ ಹೊರಲು ಹೆಂಡತಿ ಹುಲ್ಲಿನಲ್ಲಿ ಸುತ್ತಿದ ಸಿಂಬೆಗಳು. ಎರಡರ ಮೈಮೇಲೂ ಕಂದು ಹಕ್ಕಳೆ.

"ಗುರುಗಳ ಹಂಗೆ ಮರದ ಬಳೆ ಮಾಡಕೆ ನಂಗೆ ಬರ್ನಿಲ್ಲ. ಇದ್ರಲ್ಲೇ ಅದ್ದಿ ಮಡಗ್ತೀನಿ. ಒಂದು ನೀನು ತಕ್ಕ."

ಸಿಂಬೆ ಡಬ್ಬಿಯೊಳಗೆ ಸೇರಿತು. ಮುಚ್ಚಳ ಬಿತ್ತು. ಆಮೇಲೆ ಚಿಕ್ಕತಾಯಮ್ಮ ದೀಪ ಹಚ್ಚಿದಳು.

ಗುರುವಾರ ಮಧ್ಯಾಹ್ನ ಸಿಹಿನೀರು ಉಗುರುಬೆಚ್ಚಗೆ ಇಳಿದಿತ್ತು. ಗುರುಗಳು ಬಾಗಿಲನ್ನು ಅಗಲವಾಗಿ ತೆರೆದರು. ಹರಿಗೋಲಿನವನೂ ಬಂದು ನೋಡುತ್ತ ನಿಂತ. ದೇಚಮ್ಮ ಸಿಂಬೆಯನ್ನು ಪೀಪಾಯಿಯೊಳಗೆ ಬಿಟ್ಟಳು.

"ಕೂಗು" ಎಂದರು ಗುರುಗಳು.

"ನಾಚಿಕೆ ಆಗುತ್ತೆ."

"ನಂಗೂ ಆಗುತ್ತೆ. ಇಬ್ಬರೂ ಕೂಗೋಣ."

ಇಬ್ಬರೂ ಪೀಪಾಯಿಯೊಳಗೆ ತಲೆ ಹಾಕಿ ಕೂಗಿದರು. ಆಚೆ ದಡದಲ್ಲಿ ಬಟ್ಟೆ ಒಗೆಯುತ್ತಿದ್ದವರು ಎದ್ದು ನಿಂತರಂತೆ. ಸಂಜೆಯ ಹೊತ್ತಿಗೆ ಪೀಪಾಯಿಯೊಳಗೆ ಅನ್ನ ಕುದಿಯುವಂಥ ಸದ್ದು ಶುರುವಾಯಿತು. ದೇಚಮ್ಮ ಅದಕ್ಕೆ ಕಿವಿಯಿಟ್ಟು, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಒಂದು ಸುತ್ತು ಕುಣಿದಳು.

ಭಾನುವಾರ ಹದಿನೇಳು ಮನೆಯವರೂ ಬಂದರು. ದೇಚಮ್ಮ ಗುರುಗಳ ಪಕ್ಕ ಕೂತಳು.

ಎಂಥ ಮಧ್ಯಾಹ್ನ ಅದು! ಬೆಲ್ಜಿಯಂನಲ್ಲಿ ಕಲಿತು ಬಂದವರು ನೆಲ್ಲಿಕಾಯಿಯಂತೆ ಹುಳಿ ಹಿಡಿದು ಆಮೇಲೆ ಸಿಹಿಯಾಗುವ ಬಿಯರ್ ಸುರಿದರು. ಫಿನ್ಲೆಂಡಿಗೆ ಹೋಗಿದ್ದವರು ಅಲ್ಲಿಯ ಪೊದೆಯ ಸೊಪ್ಪಿನಲ್ಲಿ ಸೋಸಿದ್ದನ್ನು ಹಂಚಿದರು, ಕಾಡಿನಲ್ಲಿ ನಡೆದಂತಾಯಿತು. ದಕ್ಷಿಣ ಆಫ್ರಿಕಾದ ರೀತಿಯ ಜೋಳದ ಬಿಯರ್ ಒಂದೇ ಮಡಕೆಯಲ್ಲಿ ಕೈಯಿಂದ ಕೈಗೆ ಹೋಯಿತು. ನೇಪಾಳದ ಕಡೆಯಿಂದ ಬಂದವರು ಬಿದಿರಿನ ಕೊಳವೆಯಲ್ಲಿ ಹುಳಿಸಿದ ರಾಗಿ ತುಂಬಿ, ಮೇಲೆ ಬಿಸಿನೀರು ಹೊಯ್ದು, ಹೀರಲು ಒಂದು ಕಡ್ಡಿ ಇಟ್ಟರು. ನೀರು ಹೊಯ್ದಷ್ಟೂ ರುಚಿ ಬರುತ್ತಲೇ ಇತ್ತು. ಪುಟ್ಟಮಾದಯ್ಯ ಆ ಕೊಳವೆಯನ್ನು ಕೆಳಗೇ ಇಡಲಿಲ್ಲ.

"ನಮ್ ರಾಗೀನೇ ಕಣ್ರಪ್ಪ ಇದು" ಎಂದು ಎಲ್ಲರಿಗೂ ಎರಡೆರಡು ಸಲ ಹೇಳಿದ.

ದೇಚಮ್ಮ ಒಂದನ್ನು ಇನ್ನೊಂದರ ಪಕ್ಕ ಇಟ್ಟು ಮೂಸಿದಳು, ಬೆಳಕಿಗೆ ಹಿಡಿದಳು, ಗುಟುಕರಿಸಿದಳು, ಪಕ್ಕದವರ ತೋಳು ಹಿಡಿದು "ಇದನ್ನು ಕುಡಿದು ಅದನ್ನು ಕುಡೀರಿ, ಅದನ್ನು ಕುಡಿದು ಇದನ್ನಲ್ಲ" ಎಂದು ಜಗಳ ಮಾಡಿದಳು.

ಪುಟ್ಟಮಾದಯ್ಯನ ಸರದಿ ಬಂತು. ಎಲ್ಲರೂ ಅವಳತ್ತ ತಿರುಗಿದರು.

"ಈ ಸಲ ಎಷ್ಟವ್ವ?" ಎಂದು ಅವನೇ ಕೇಳಿದ.

ದೇಚಮ್ಮ ಕುಡಿದು, ಯೋಚಿಸಿ, ಸುಳ್ಳು ಹೇಳಬಾರದೆಂದು ತೀರ್ಮಾನಿಸಿದಳು.

"ನಾಲ್ಕು."

"ಬಸ್ಸಿನ ಒಳ್ಗೆ ಮಡಿಕ್ಕಂಡು ಬಂದಿದ್ಕೆ ಎರಡು ಜಾಸ್ತಿ ಆಯ್ತು" ಎಂದ ಪುಟ್ಟಮಾದಯ್ಯ. ಎಲ್ಲರಿಗಿಂತ ಜೋರಾಗಿ ಅವನೇ ನಕ್ಕ. ಈ ಸಲ ಗುರುಗಳೂ ನಕ್ಕರು.

ಕೊನೆಗೆ ಆಶ್ರಮದ ಬಿಯರ್. ದೇಚಮ್ಮ ತಾನೇ ಎಲ್ಲರಿಗೂ ಸುರಿದಳು. ಕುಡಿದವರು ಲೋಟವನ್ನು ಮತ್ತೆ ಮುಂದೆ ಚಾಚಿದರು. ಒಂಬತ್ತು ಅಂಕದ ಯಜಮಾನರು ಲೋಟವನ್ನು ಮೂಗಿನ ಹತ್ತಿರ ಹಿಡಿದುಕೊಂಡೇ ಕೂತರು.

ಹೊತ್ತು ಇಳಿಯಿತು. ಒಬ್ಬೊಬ್ಬರೇ ಹರಿಗೋಲು ಹತ್ತತೊಡಗಿದರು. ಯಜಮಾನರು ಹೋದವರು ದಡದಿಂದ ತಿರುಗಿ ಬಂದರು.

"ದೇಚಮ್ಮ, ಆ ಕಿತ್ತಳೆ ವಾಸನೆ ನಾನು ಮರೆತೇಬಿಟ್ಟಿದ್ದೆ. ಒಂದು ಚಕ್ಕೆ ಕೊಡ್ತೀಯಾ? ಎಸೆದವನಿಗೆ ಕೊಡಲ್ಲ ಅಂದ್ರೂ ಬೇಜಾರಿಲ್ಲ."

ದೇಚಮ್ಮ ಗುರುಗಳ ಮುಖ ನೋಡಿದಳು. ಗುರುಗಳು ಹೊಳೆಯ ಕಡೆ ನೋಡುತ್ತಿದ್ದರು.

ಗಂಡನ ಜೊತೆ ಬಂದಿದ್ದ ಚಿಕ್ಕತಾಯಮ್ಮ ಬಾಗಿಲಲ್ಲಿ ಆಶ್ರಮದ ದೀಪ ಹಚ್ಚಲು ಕಡ್ಡಿಪೆಟ್ಟಿಗೆ ಕೈಗೆತ್ತಿಕೊಂಡಿದ್ದಳು.

"ಚಿಕ್ಕತಾಯಮ್ಮಾರೇ" ಎಂದು ದೇಚಮ್ಮ ಓಡಿದಳು, "ದೀಪ ಒಂದು ಗಳಿಗೆ ತಡೀರಿ."

ಚಿಕ್ಕತಾಯಮ್ಮ ಕಡ್ಡಿಪೆಟ್ಟಿಗೆಯನ್ನು ಮಡಿಲಿಗೆ ಹಾಕಿಕೊಂಡು ಹೊಸ್ತಿಲ ಮೇಲೆ ಕೂತಳು. ಅವಸರವೇನೂ ಇರಲಿಲ್ಲ ಅವಳಿಗೆ.

ತೊಲೆಯಲ್ಲಿ ಬಳೆ ಇದ್ದ ಜಾಗದಲ್ಲಿ ಈಗ ಪೀಪಾಯಿಯಿಂದ ತೆಗೆದು ಒಣಗಿಸಿದ ಸಿಂಬೆ ನೇತಾಡುತ್ತಿತ್ತು. ದೇಚಮ್ಮ ಅದರಿಂದ ಒಂದು ಹಿಡಿ ಚಕ್ಕೆ ಬಿಡಿಸಿ, ಬಟ್ಟೆಯಲ್ಲಿ ಕಟ್ಟಿ, ಎರಡು ಕೈಯಲ್ಲೂ ಕೊಟ್ಟಳು. ಯಜಮಾನರು ಅದನ್ನು ಅಂಗಿಯ ಎದೆ ಜೇಬಿಗೆ ಹಾಕಿಕೊಂಡು, ಜೇಬಿನ ಮೇಲೆ ಕೈ ಮುಚ್ಚಿಕೊಂಡೇ ಹರಿಗೋಲು ಹತ್ತಿದರು.

ದೇಚಮ್ಮ ಬಂದು ಗುರುಗಳ ಪಕ್ಕ ಮೆಟ್ಟಿಲ ಮೇಲೆ ಕೂತಳು.

"ಮತ್ತೆ ಎಸೆದುಬಿಟ್ಟರೆ ಗುರುಗಳೇ?"

"ಎಸೀಬಹುದು. ನೀನು ಕುದಿಸಲಿಲ್ವೇ?"

ದೇಚಮ್ಮ ನಕ್ಕಳು. ಆಮೇಲೆ ಅವಳಿಗೆ ನೆನಪಾಯಿತು.

"ಜಗತ್ತಿನಲ್ಲಿ ಒಂದನೇ ಬಿಯರ್ ಯಾವುದು ಅಂತ ಇವತ್ತು ಹೇಳ್ತೀನಿ ಅಂದಿದ್ರಿ."

ಹರಿಗೋಲು ನಡುನೀರಿನಲ್ಲಿತ್ತು, ಯಜಮಾನರ ಕೈ ಇನ್ನೂ ಜೇಬಿನ ಮೇಲೇ ಇತ್ತು. ಗುರುಗಳು ಅತ್ತ ಕೈ ತೋರಿದರು.

"ಅಗೋ, ಹೊಳೆ ದಾಟ್ತಾ ಇದೆ ನೋಡು."